ತಿಮಿಂಗಿಲದ ಸಾಲ ತೀರಿಸಬೇಕಾದವರು ಯಾರು?

ಅಮೆರಿಕ ಸಂಯುಕ್ತ ಸಂಸ್ಥಾನದ ನಕಾಶೆಯ ವಾಯವ್ಯ ಮೂಲೆಯಲ್ಲಿ, ಪೆಸಿಫಿಕ್ ಸಾಗರಕ್ಕೆ ಚಾಚಿಕೊಂಡ ಒಂದು ಭೂಶಿರವಿದೆ. ಅಲ್ಲಿನ ನಿಯಾ ಬೇ ಎಂಬ ಊರಿನಲ್ಲಿ ಮಕಾ ಎಂಬ ಮೂಲನಿವಾಸಿ ಜನ ವಾಸಿಸುತ್ತಾರೆ. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು ಜನ. ಇವರು ವರ್ಷಕ್ಕೆ ಎರಡೋ ಮೂರೋ ತಿಮಿಂಗಿಲ ಹಿಡಿಯಬಹುದೆ, ಹಿಡಿಯಬಾರದೆ ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡಲು ಜಗತ್ತಿನ ಅತಿ ಬಲಾಢ್ಯ ಸರ್ಕಾರಕ್ಕೆ ಕಾಲು ಶತಮಾನ ಸಾಲದೆ ಹೋಗಿದೆ. 2024ರ ಜೂನ್ ತಿಂಗಳಲ್ಲಿ ಅಲ್ಲಿನ ಸರ್ಕಾರ ಕೊನೆಗೂ ಒಂದು ವಿನಾಯಿತಿ ಕೊಟ್ಟಿತು: ಹತ್ತು ವರ್ಷಗಳಲ್ಲಿ ಹೆಚ್ಚೆಂದರೆ 25 ತಿಮಿಂಗಿಲ. ಅದರ ಮೇಲೂ, ಬೇಟೆಗೆ ಹೊರಡುವ ಮೊದಲು ಪ್ರತ್ಯೇಕ ಪರವಾನಗಿ ಪಡೆಯಬೇಕು. ಪ್ರಾಣಿರಕ್ಷಣೆಯ ಸಂಘಗಳು ಇಷ್ಟನ್ನೂ ಕೊಡಕೂಡದೆಂದು ಪಟ್ಟು ಹಿಡಿದಿವೆ.

ಇದು ಏಳು ಸಮುದ್ರದಾಚೆಯ ಜಗಳ, ನಮಗೇಕೆ ಎಂದು ಪುಟ ತಿರುವುವ ಮುನ್ನ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ನೂಲಿನ ಖಾತೆಯಲ್ಲಿ ಪಾಳಿ ಮಾಡಿದವರಿಗೆ ಸ್ಪಿಂಡಲ್ ಎಣ್ಣೆಯ ವಿಚಾರ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಮಂದವಾದರೆ ಸ್ಪಿಂಡಲ್ ಭಾರವಾಗುತ್ತದೆ, ಬಿಸಿಯಾಗುತ್ತದೆ; ತೆಳುವಾಗಿದ್ದು ಜಿಡ್ಡುಗಟ್ಟದ ಎಣ್ಣೆಯೇ ಬೇಕು. ನೆಲದಿಂದ ತೆಗೆದ ಖನಿಜ ಎಣ್ಣೆ ಬಳಕೆಗೆ ಬರುವ ಮುಂಚೆ ಇಂಗ್ಲೆಂಡು, ಅಮೆರಿಕಗಳ ಹತ್ತಿ ಗಿರಣಿಗಳಲ್ಲಿ ಈ ಕೆಲಸಕ್ಕೆ ಬರುತ್ತಿದ್ದುದು ಸ್ಪರ್ಮ್ ಎಂಬ ಜಾತಿಯ ತಿಮಿಂಗಿಲದ ಎಣ್ಣೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಷೈರಿನ ಗಿರಣಿ ಮಾಲೀಕರ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದ ಕಥೆ ಇಲ್ಲಿನವರಿಗೆ ಗೊತ್ತಿದೆ. ಬಂಗಾಳದ ಸೆಣಬಿನ ಕಥೆಯೂ ಇದೇ. ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ಒರಟು ಸೆಣಬನ್ನು ತಿಮಿಂಗಿಲದ ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಮಾಡಿ ಯಂತ್ರಕ್ಕೆ ಕೊಡುತ್ತಿದ್ದರು. ನಮ್ಮ ರೈತನ ಬೆಳೆಯೂ ಸಮುದ್ರದ ಆ ಮೂಕಪ್ರಾಣಿಯ ಕೊಬ್ಬೂ ಒಂದೇ ಯಂತ್ರದ ಹೊಟ್ಟೆಗೆ ಹೋದವು. ಲಾಭ ಹೋದದ್ದು ಒಂದೇ ತಿಜೋರಿಗೆ. ತಿಮಿಂಗಿಲದ ಪ್ರಶ್ನೆ ನಮಗೆ ಅಷ್ಟೇನೂ ಹೊರಗಿನದಲ್ಲ.

ಇಪ್ಪತ್ತನೆಯ ಶತಮಾನ ಬಂದಾಗ ದೀಪದ ಎಣ್ಣೆಯ ಕಾಲ ಮುಗಿದಿತ್ತು. ತಿಮಿಂಗಿಲಕ್ಕೆ ಇನ್ನು ನೆಮ್ಮದಿ ಎಂದು ಯಾರಾದರೂ ತಿಳಿದಿದ್ದರೆ ಅವರಿಗೆ ಬಂಡವಾಳದ ಸ್ವಭಾವ ಗೊತ್ತಿರಲಿಲ್ಲವೆಂದೇ ಹೇಳಬೇಕು. ಆ ಎಣ್ಣೆಯನ್ನು ಗಟ್ಟಿ ಮಾಡುವ ವಿದ್ಯೆಯನ್ನು ರಸಾಯನಶಾಸ್ತ್ರಜ್ಞರು ಕಂಡುಹಿಡಿದರು. ನಮ್ಮಲ್ಲಿ ವನಸ್ಪತಿ ಡಾಲ್ಡಾ ತಯಾರಾಗುವುದೂ ಇದೇ ವಿದ್ಯೆಯಿಂದ. ಯೂರೋಪಿನಲ್ಲಿ ತಿಮಿಂಗಿಲದ ಎಣ್ಣೆ ಮಾರ್ಗರೀನ್ ಎಂಬ ಅಗ್ಗದ ಬೆಣ್ಣೆಯಾಗಿ ಬಡವರ ರೊಟ್ಟಿಯ ಮೇಲೆ ಬಂತು, ಸಾಬೂನಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದೂ ಆಯಿತು. ಫಿರಂಗಿಯಿಂದ ಹಾರುವ ಈಟಿ ಬಂತು. ಹಿಡಿದ ಪ್ರಾಣಿಯನ್ನು ನಡುಸಮುದ್ರದಲ್ಲೇ ಕಡಿದು ಕುದಿಸುವ, ಒಂದು ಗಿರಣಿಯಷ್ಟೇ ದೊಡ್ಡದಾದ ಕಾರ್ಖಾನೆ ಹಡಗುಗಳು ಬಂದವು. 1930-31ರ ಒಂದೇ ಹಂಗಾಮಿನಲ್ಲಿ ದಕ್ಷಿಣ ಧ್ರುವದ ಸಮುದ್ರದಲ್ಲಿ 29,000ಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಸತ್ತವು. ಇಪ್ಪತ್ತನೆಯ ಶತಮಾನದ ಒಟ್ಟು ಲೆಕ್ಕ ಹಾಕಿದ ತಜ್ಞರು ಸುಮಾರು 29 ಲಕ್ಷ ಎನ್ನುತ್ತಾರೆ. ಈ 29 ಲಕ್ಷದಲ್ಲಿ ಮಕಾ ಜನರ ಪಾಲು ಲೆಕ್ಕಕ್ಕೇ ಬಾರದು.

ನಾವು ಸಮಾಜವಾದಿಗಳು. ಆದುದರಿಂದಲೇ ಇನ್ನೊಂದು ಲೆಕ್ಕವನ್ನು ಮುಚ್ಚಿಡಲಾರೆವು. ಈ ಸಂಹಾರ ಖಾಸಗಿ ಕಂಪನಿಗಳದ್ದು ಮಾತ್ರವಲ್ಲ. ಸೋವಿಯತ್ ಒಕ್ಕೂಟದ ಹಡಗುಗಳು ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಐದು ಲಕ್ಷಕ್ಕೂ ಮೀರಿ ತಿಮಿಂಗಿಲಗಳನ್ನು ಹಿಡಿದವು. ಅವುಗಳಲ್ಲಿ ಸುಮಾರು 1,78,000 ಹಿಡುವಳಿಯನ್ನು ಅಂತರರಾಷ್ಟ್ರೀಯ ಆಯೋಗಕ್ಕೆ ತಿಳಿಸಲೇ ಇಲ್ಲ. ಸುಳ್ಳು ಲೆಕ್ಕ ಬರೆದು ಕಳಿಸಿದರು. ಆ ಎಣ್ಣೆ ಮಾಂಸಗಳಿಗೆ ತಕ್ಕ ಬೇಡಿಕೆಯೂ ಅವರ ದೇಶದಲ್ಲಿ ಇರಲಿಲ್ಲ. ಮಾಸ್ಕೋದ ಕಚೇರಿಯಲ್ಲಿ ಕುಳಿತವರು ಇಷ್ಟು ಟನ್ ಎಂದು ಗುರಿ ಬರೆದರು. ಗುರಿ ಮುಟ್ಟಿದ ನಾವಿಕರಿಗೆ ಬೋನಸ್ ಸಿಕ್ಕಿತು. ಮುಂದಿನ ವರ್ಷ ಗುರಿ ಏರಿತು. 1993ರಲ್ಲಿ ರಷ್ಯದ ವಿಜ್ಞಾನಿಗಳೇ ಧೈರ್ಯ ಮಾಡಿ ಇದನ್ನು ಹೊರಗೆಡವಿದರು. ಕೆಂಪು ಬಾವುಟ ಕಟ್ಟಿದ ಮಾತ್ರಕ್ಕೆ ಹಡಗಿನ ಕೆಲಸ ಬದಲಾಗುವುದಿಲ್ಲ. ಡಾಕ್ಟರ್ ಲೋಹಿಯಾ ಅವರು ದೊಡ್ಡ ಯಂತ್ರದ ವ್ಯಾಮೋಹ ಬಂಡವಾಳಶಾಹಿಗೂ ಕಮ್ಯೂನಿಸ್ಟರಿಗೂ ಸಮಾನವೆಂದು ವಾದಿಸುತ್ತಿದ್ದುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ಮಕಾ ಜನರ ವಿಚಾರ. ಇವರು ಹಿಡಿಯುತ್ತಿದ್ದುದು ಮುಖ್ಯವಾಗಿ ಬೂದು ತಿಮಿಂಗಿಲವನ್ನು. ಇದು ಬೇಸಗೆಯಲ್ಲಿ ಉತ್ತರ ಧ್ರುವದ ಕಡೆಯ ತಣ್ಣನೆಯ ಸಮುದ್ರದಲ್ಲಿ ಮೇಯ್ದು, ಚಳಿಗಾಲದಲ್ಲಿ ಮೆಕ್ಸಿಕೋ ದೇಶದ ಬೆಚ್ಚನೆಯ ಹಿನ್ನೀರಿಗೆ ಇಳಿದು ಮರಿ ಹಾಕುವ ಪ್ರಾಣಿ. ಹೋಗುವಾಗಲೂ ಬರುವಾಗಲೂ ನಿಯಾ ಬೇಯ ಮುಂದೆಯೇ ಹಾಯ್ದು ಹೋಗುತ್ತದೆ. ಅಲ್ಲಿಗೆ ಹತ್ತಿರದ ಓಜೆಟ್ ಎಂಬಲ್ಲಿ ಹಿಂದೆಂದೋ ಮಣ್ಣು ಕುಸಿದು ಹೂತುಹೋಗಿದ್ದ ಮಕಾ ಹಳ್ಳಿಯೊಂದನ್ನು 1970ರಿಂದ ಹನ್ನೊಂದು ವರ್ಷಗಳ ಕಾಲ ಅಗೆದರು. ಐವತ್ತು ಸಾವಿರಕ್ಕೂ ಮೀರಿ ವಸ್ತುಗಳು ಸಿಕ್ಕವು. ತಿಮಿಂಗಿಲದ ಬೇಟೆ ಅಲ್ಲಿ ಸಾವಿರಾರು ವರ್ಷಗಳ ಬಾಳುವೆಯಾಗಿತ್ತೆಂದು ಸಿದ್ಧವಾಯಿತು. ಸೀಡರ್ ಮರದ ಉದ್ದ ದೋಣಿ, ಎಂಟು ಜನ, ಕೈಯಿಂದ ಪ್ರಯೋಗಿಸುವ ಈಟಿ. ಬಂದದ್ದನ್ನು ಊರಿಗೆಲ್ಲ ಹಂಚುವುದು ಪದ್ಧತಿ.

1853ರಲ್ಲಿ ಈ ಜನರಿಗೆ ಬಿಳಿಯರ ಹಡಗಿನಿಂದ ಬಂದ ಸಿಡುಬು ತಗಲಿ ಬಹಳ ಮಂದಿ ಸತ್ತರು. ಎರಡೇ ವರ್ಷಕ್ಕೆ, 1855ರ ಜನವರಿ 31ರಂದು, ವಾಷಿಂಗ್ಟನ್ ಪ್ರಾಂತದ ಗವರ್ನರ್ ಐಸಾಕ್ ಸ್ಟೀವನ್ಸ್ ಕರಾರು ಪತ್ರ ಹಿಡಿದು ಬಂದ. ಸುಮಾರು ಮೂರು ಲಕ್ಷ ಎಕರೆ ನೆಲ ಸರ್ಕಾರಕ್ಕೆ ಹೋಯಿತು. ನೆಲ ಬೇಕಾದರೆ ತೆಗೆದುಕೊಳ್ಳಿ, ಸಮುದ್ರವೇ ನಮ್ಮ ನಾಡು ಎಂಬ ಭಾವವನ್ನು ಮಕಾ ಮುಖಂಡರು ಅಂದು ಆಡಿ ತೋರಿಸಿದ್ದು ಆ ಮಾತುಕತೆಯ ನಡಾವಳಿಯಲ್ಲೇ ಇದೆ. ಅದಕ್ಕೆ ಒಪ್ಪಿ, ಮೀನು ಹಿಡಿಯುವ ಮತ್ತು ತಿಮಿಂಗಿಲ ಬೇಟೆಯಾಡುವ ಹಕ್ಕು ಇವರಿಗೆ ಉಳಿಯತಕ್ಕದ್ದೆಂದು ಕರಾರಿನ ನಾಲ್ಕನೆಯ ಕಲಮಿನಲ್ಲಿ ಬರೆದರು. ಅಮೆರಿಕ ಸರ್ಕಾರ ಮೂಲನಿವಾಸಿಗಳೊಡನೆ ಮಾಡಿಕೊಂಡ ನೂರಾರು ಕರಾರುಗಳಲ್ಲಿ ತಿಮಿಂಗಿಲದ ಹೆಸರೆತ್ತಿ ಹಕ್ಕು ಬರೆದುಕೊಟ್ಟದ್ದು ಇದೊಂದರಲ್ಲೇ.

ಕಾಗದದಲ್ಲಿ ಹಕ್ಕು ಉಳಿಯಿತು, ಕಡಲಿನಲ್ಲಿ ತಿಮಿಂಗಿಲ ಉಳಿಯಲಿಲ್ಲ. ಕರಾರಿಗೆ ಸಹಿ ಬಿದ್ದ ಎರಡು ಮೂರು ವರ್ಷಗಳಲ್ಲೇ ಚಾರ್ಲ್ಸ್ ಸ್ಕ್ಯಾಮನ್ ಎಂಬ ಕ್ಯಾಪ್ಟನ್ ಮೆಕ್ಸಿಕೋದ ಹಿನ್ನೀರಿನ ಬಾಯಿ ಹುಡುಕಿ ಒಳಗೆ ನುಗ್ಗಿದ. ಅವನ ಹಿಂದೆ ಹಡಗುಗಳ ಸಾಲು. ಬಾಣಂತಿ ತಿಮಿಂಗಿಲಗಳನ್ನು ಮರಿಗಳ ಪಕ್ಕದಲ್ಲೇ ಕೊಂದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಹಡಗಿನ ಖರ್ಚು ಹುಟ್ಟದಷ್ಟು ಬರಿದಾಯಿತು. ಮುಂದೆ ಕಾರ್ಖಾನೆ ಹಡಗುಗಳೂ ಬಂದು ಅಳಿದುಳಿದವನ್ನು ಬಾಚಿದವು. 1920ರ ದಶಕದಲ್ಲಿ ಮಕಾ ಜನ ತಾವಾಗಿಯೇ ಬೇಟೆ ನಿಲ್ಲಿಸಿದರು. ಯಾವ ಕಾನೂನೂ ಅವರನ್ನು ತಡೆದಿರಲಿಲ್ಲ. ಅಂತರರಾಷ್ಟ್ರೀಯ ರಕ್ಷಣೆ ಬಂದದ್ದು ಅದರ ಅನಂತರ, 1930ರ ಮತ್ತು 40ರ ದಶಕಗಳಲ್ಲಿ. ಹೀಗೆ ಹಸಿದವನೇ ಮೊದಲು ಎಲೆ ಬಿಟ್ಟೆದ್ದ.

ತಿಮಿಂಗಿಲ ರಕ್ಷಣೆಯ ಚಳವಳಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲು ನಮಗೆ ಸಂಕೋಚವಿಲ್ಲ. 1975ರಲ್ಲಿ ಗ್ರೀನ್‌ಪೀಸ್ ಸಂಘದ ತರುಣರು ಸಣ್ಣ ರಬ್ಬರ್ ದೋಣಿಗಳಲ್ಲಿ ಕುಳಿತು, ಕ್ಯಾಲಿಫೋರ್ನಿಯದ ಆಚೆ ಸೋವಿಯತ್ ಹಡಗಿನ ಫಿರಂಗಿಗೂ ತಿಮಿಂಗಿಲಕ್ಕೂ ನಡುವೆ ತಮ್ಮ ಮೈಯೊಡ್ಡಿದರು. ಅದು ಸತ್ಯಾಗ್ರಹವೇ. ಅಂಥವರ ಛಲದಿಂದಾಗಿಯೇ 1982ರಲ್ಲಿ ಅಂತರರಾಷ್ಟ್ರೀಯ ಆಯೋಗ ವ್ಯಾಪಾರದ ಬೇಟೆಯನ್ನು ನಿಲ್ಲಿಸುವ ತೀರ್ಮಾನ ಮಾಡಿತು. 1986ರಿಂದ ಅದು ಜಾರಿಗೆ ಬಂತು. ಸಂಶೋಧನೆಯ ಹೆಸರು ಹೇಳಿ ದಕ್ಷಿಣ ಸಮುದ್ರದಲ್ಲಿ ಬೇಟೆ ಮುಂದುವರಿಸಿದ ಜಪಾನಿನ ಹಡಗುಗಳನ್ನು ಪಾಲ್ ವಾಟ್ಸನ್ ಅವರ ಸೀ ಶೆಪರ್ಡ್ ಸಂಘದವರು ವರ್ಷಗಟ್ಟಲೆ ಬೆನ್ನಟ್ಟಿದರು. ಆ ಸಂಶೋಧನೆ ನಿಯಮಕ್ಕೆ ಒಪ್ಪುವಂಥದ್ದಲ್ಲವೆಂದು 2014ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಸ್ಥಾನವೂ ತೀರ್ಪು ಕೊಟ್ಟಿತು. ಬೂದು ತಿಮಿಂಗಿಲಗಳ ಸಂತತಿಯೂ ನಿಧಾನವಾಗಿ ಚೇತರಿಸಿತು. 1994ರಲ್ಲಿ ಅಮೆರಿಕ ಸರ್ಕಾರ ಅದರ ಹೆಸರನ್ನು ಅಪಾಯದ ಪಟ್ಟಿಯಿಂದ ತೆಗೆಯಿತು.

ಎಪ್ಪತ್ತು ವರ್ಷ ಕಾದಿದ್ದ ಮಕಾ ಜನ ಆಗ, 1995ರಲ್ಲಿ, ತಮ್ಮ ಕರಾರನ್ನು ನೆನಪಿಸಿದರು. 1997ರಲ್ಲಿ ಅಂತರರಾಷ್ಟ್ರೀಯ ಆಯೋಗದ ಸಭೆ, ರಷ್ಯದ ಚುಕೋಟ್ಕಾ ಪ್ರಾಂತದ ಮೂಲನಿವಾಸಿಗಳಿಗೂ ಇವರಿಗೂ ಸೇರಿಸಿ ಐದು ವರ್ಷಕ್ಕೆ 620 ತಿಮಿಂಗಿಲಗಳ ಮಿತಿ ಹಾಕಿತು. ಅದರಲ್ಲಿ ಮಕಾ ಪಾಲು 20. ಮಾಂಸವಾಗಲಿ ಎಣ್ಣೆಯಾಗಲಿ ವ್ಯಾಪಾರಕ್ಕೆ ಹೋಗಕೂಡದು. ಹೀಗಿದ್ದೂ, ದೈತ್ಯ ಹಡಗುಗಳ ಮುಂದೆ ನಿಂತು ಹೆಸರು ಪಡೆದಿದ್ದ ಅದೇ ಸಂಘದ ದೋಣಿಗಳು ಈ ಸಲ ಬಂದು ನಿಂತದ್ದು ಒಂದು ಮರದ ದೋಣಿಯ ಎದುರಿಗೆ. 1999ರ ಮೇ 17ರ ಬೆಳಿಗ್ಗೆ ಮಕಾ ತರುಣರು ಸುಮಾರು ಮೂವತ್ತು ಅಡಿಯ ಒಂದು ತಿಮಿಂಗಿಲವನ್ನು ಹಿಡಿದರು. ಟೆಲಿವಿಷನ್ ಹೆಲಿಕಾಪ್ಟರುಗಳು ಮೇಲೆ ಸುತ್ತುತ್ತ ಅದನ್ನು ದೇಶಕ್ಕೆಲ್ಲ ತೋರಿಸಿದವು. ಆಮೇಲೆ ಆ ಊರಿಗೆ ಬಂದ ಪತ್ರ, ಫೋನುಗಳಲ್ಲಿ ಕೊಲೆಯ ಬೆದರಿಕೆಯೂ ಇತ್ತು. ತಿಮಿಂಗಿಲವನ್ನು ಉಳಿಸಿ, ಮಕಾನಿಗೆ ಈಟಿ ಹಾಕಿ ಎಂಬರ್ಥದ ಚೀಟಿಯನ್ನು ಕಾರುಗಳಿಗೆ ಅಂಟಿಸಿಕೊಂಡು ತಿರುಗಿದರು. ಇದಕ್ಕೆ ಪ್ರಾಣಿದಯೆ ಎಂಬ ಹೆಸರು ಕೊಡಲು ನಾವು ಸಿದ್ಧರಿಲ್ಲ.

ನ್ಯಾಯಸ್ಥಾನಕ್ಕೆ ಹೋದವರು ಯಾರೆಂಬುದನ್ನೂ ನೋಡಬೇಕು. ಪ್ರಾಣಿರಕ್ಷಣೆಯ ಸಂಘಗಳ ಜೊತೆಗೆ ದಾವೆಯ ಮುಂಚೂಣಿಯಲ್ಲಿದ್ದವರು ಜಾಕ್ ಮೆಟ್‌ಕಾಫ್ ಎಂಬ ರಿಪಬ್ಲಿಕನ್ ಪಕ್ಷದ ಕಾಂಗ್ರೆಸ್ ಸದಸ್ಯರು. ಮೂಲನಿವಾಸಿಗಳ ಕರಾರಿನ ಮೀನು ಹಕ್ಕುಗಳನ್ನು ತಮ್ಮ ರಾಜಕೀಯ ಜೀವನದ ಉದ್ದಕ್ಕೂ ವಿರೋಧಿಸಿದವರು ಅವರು. ಆಗ ಸಾಲ್ಮನ್ ಮೀನಿನ ಬಗ್ಗೆ ಅವರಿಗೆ ದಯೆ ಉಕ್ಕಿತ್ತೆಂದು ಯಾರೂ ಹೇಳಿಲ್ಲ. ನಿಜವಾದ ಪ್ರಾಣಿಪ್ರೇಮಿಗಳು ತಮ್ಮ ಪಕ್ಕದಲ್ಲಿ ಯಾರು ಬಂದು ನಿಂತಿದ್ದಾರೆಂದು ಒಮ್ಮೆ ತಿರುಗಿ ನೋಡಬಾರದಿತ್ತೆ? 2000ದಲ್ಲಿ ಬಂದ ತೀರ್ಪು ಪರಿಸರದ ಪರಿಶೀಲನೆ ಹೊಸದಾಗಿ ಆಗಲಿ ಎಂದಿತು. ಇನ್ನೊಂದು ದಾವೆಯಲ್ಲಿ, ಸಮುದ್ರದ ಸಸ್ತನಿಗಳನ್ನು ರಕ್ಷಿಸುವ 1972ರ ಕಾನೂನಿನ ವಿನಾಯಿತಿ ಬೇಕೇ ಬೇಕು ಎಂದಾಯಿತು. 2005ರಲ್ಲಿ ಅರ್ಜಿ ಹಾಕಿದರು. ಮಂಜೂರಾದದ್ದು ನಾವು ಮೊದಲೇ ಹೇಳಿದಂತೆ 2024ರಲ್ಲಿ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಪಹಣಿಗಾಗಿ ಕಾಯುವ ನಮ್ಮ ರೈತರಿಗೂ ಹತ್ತೊಂಬತ್ತು ವರ್ಷ ಹೆಚ್ಚೆನಿಸೀತು. ನಡುವೆ 2007ರಲ್ಲಿ ಐವರು ತಾಳ್ಮೆಗೆಟ್ಟು ಅಪ್ಪಣೆಯಿಲ್ಲದೆ ಒಂದು ತಿಮಿಂಗಿಲಕ್ಕೆ ಗುಂಡು ಹಾರಿಸಿದರು. ಅದು ಗಂಟೆಗಟ್ಟಲೆ ನರಳಿ ಸತ್ತಿತು. ಅದು ತಪ್ಪು. ಮಕಾ ಪಂಚಾಯತಿಯೇ ಅದನ್ನು ಖಂಡಿಸಿತು, ಇಬ್ಬರು ಸೆರೆಮನೆ ಕಂಡರು.

ಈ ಎಲ್ಲ ತಡೆಗಳಿಂದ ತಿಮಿಂಗಿಲಕ್ಕೆ ಆದ ಲಾಭವಾದರೂ ಏನು? ಅಂತರರಾಷ್ಟ್ರೀಯ ಮಿತಿಯಲ್ಲಿ ಮಕಾ ಜನ ಬಳಸದ ಪಾಲನ್ನು ಚುಕೋಟ್ಕಾದ ಬೇಟೆಗಾರರಿಗೆ ಬಿಟ್ಟುಕೊಡುವ ಏರ್ಪಾಡು ಅಮೆರಿಕ, ರಷ್ಯ ಸರ್ಕಾರಗಳ ನಡುವೆ ಇದೆ. ಚುಕೋಟ್ಕಾದಲ್ಲಿ ಅದೇ ಸಂತತಿಯ ತಿಮಿಂಗಿಲಗಳನ್ನು ವರ್ಷಕ್ಕೆ ನೂರರ ಮೇಲೆ ಹಿಡಿಯುತ್ತಾರೆ. ಆ ಜನಕ್ಕೆ ಆ ಮಾಂಸ ಬೇಕು, ನಾವು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಲೆಕ್ಕದ ಮಾತು ಹೇಳುವುದಾದರೆ, ನಿಯಾ ಬೇಯಲ್ಲಿ ಉಳಿಸಿದೆವೆಂದು ಜಯಘೋಷ ಮಾಡಿದ ಪ್ರಾಣಿ ಮಿತಿಯ ಪುಸ್ತಕದಲ್ಲಿ ಉಳಿಯಲೇ ಇಲ್ಲ. ಚುಕೋಟ್ಕಾಕ್ಕೆ ಟೆಲಿವಿಷನ್ ಹೆಲಿಕಾಪ್ಟರ್ ಹೋಗುವುದಿಲ್ಲ. ದೊಡ್ಡ ಗೋದಾಮಿನ ಕಡೆ ತಿರುಗಿಯೂ ನೋಡದ ತೂಕ-ಅಳತೆಯ ಸಾಹೇಬರು ಸಂತೆಯಲ್ಲಿ ಸೊಪ್ಪು ಮಾರುವವಳ ತಕ್ಕಡಿ ಹಿಡಿದೆಳೆಯುತ್ತಾರೆಂದು ನಮ್ಮ ಸಣ್ಣ ವ್ಯಾಪಾರಿಗಳು ಹೇಳುವ ಮಾತು ಅಲ್ಲಿಗೂ ಒಪ್ಪುತ್ತದೆ.

ವಿರೋಧಿಗಳ ವಾದಗಳಲ್ಲಿ ಮೂರನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಕೈಯಲ್ಲಿ ಈಟಿಯ ಜೊತೆ ಬಂದೂಕವೂ ಇದೆ, ಬೆಂಬಲಕ್ಕೆ ಯಂತ್ರದ ದೋಣಿಯಿದೆ, ಇದೆಂಥ ಸಂಪ್ರದಾಯ ಎಂದು ಕೆಲವರು ನಗುತ್ತಾರೆ. ಬಂದೂಕ ಬಂದದ್ದು ಪ್ರಾಣಿ ಬೇಗ ಸಾಯಲಿ, ಕಡಿಮೆ ನರಳಲಿ ಎಂದು. ಬಂದೂಕ ಹಿಡಿದರೆ ಸಂಪ್ರದಾಯವಲ್ಲ, ಹಿಡಿಯದಿದ್ದರೆ ಕ್ರೂರಿಗಳು! ನಮ್ಮ ಕೈಮಗ್ಗದ ನೇಕಾರ ವಿದ್ಯುತ್ ದೀಪ ಹಚ್ಚಿಕೊಂಡರೆ ಅವನ ಮಗ್ಗ ಕೈಮಗ್ಗವಲ್ಲವೆಂದು ಯಾರೂ ಹೇಳುವುದಿಲ್ಲ. ಈ ವಾದವನ್ನು ಇಲ್ಲಿಗೆ ಬಿಡುತ್ತೇವೆ.

ಎರಡನೆಯದು ಜಪಾನಿನ ಭಯ. ಮಕಾ ಜನರಿಗೆ ಬಾಗಿಲು ತೆರೆದರೆ ಅದೇ ಬಾಗಿಲಿನಿಂದ ವ್ಯಾಪಾರದ ಹಡಗುಗಳೂ ನುಗ್ಗುತ್ತವೆ ಎಂಬುದು. ಇದು ಪೊಳ್ಳು ಭಯವಲ್ಲ. 2002ರಲ್ಲಿ ಶಿಮೊನೊಸೆಕಿಯ ಸಭೆಯಲ್ಲಿ, ತನ್ನ ಕರಾವಳಿ ಬೇಟೆಗೆ ಒಪ್ಪಿಗೆ ಸಿಗಲಿಲ್ಲವೆಂದು ಜಪಾನು ಅಲಾಸ್ಕಾದ ಮೂಲನಿವಾಸಿಗಳ ಪಾಲಿಗೇ ಅಡ್ಡಗಾಲು ಹಾಕಿತು. ಕೆಲವು ತಿಂಗಳ ಮೇಲೆ ವಿಶೇಷ ಸಭೆ ಸೇರಿ ಅದನ್ನು ಸರಿಪಡಿಸಬೇಕಾಯಿತು. ದೊಡ್ಡವರ ಚೌಕಾಶಿಯಲ್ಲಿ ಸಣ್ಣವರ ಊಟ ಒತ್ತೆಯಾದ ಪ್ರಸಂಗವಿದು. ಆದರೆ ಜಪಾನು 2019ರಲ್ಲಿ ಆಯೋಗವನ್ನೇ ಬಿಟ್ಟು ಹೊರನಡೆದು ವ್ಯಾಪಾರದ ಬೇಟೆಯನ್ನು ಮತ್ತೆ ಶುರುಮಾಡಿದ್ದು ಯಾವ ಮಕಾನ ಹೆಸರನ್ನೂ ಹೇಳಿ ಅಲ್ಲ. ಉಣ್ಣುವವನ ಬೇಟೆಗೂ ಮಾರುವವನ ಬೇಟೆಗೂ ನಡುವಿನ ಗೆರೆಯನ್ನು ಅಳಿಸಿದರೆ ಲಾಭವಾಗುವುದು ಮಾರುವವನಿಗೇ.

ಮೂರನೆಯದು ಕೊಲ್ಲುವುದೇ ಪಾಪ ಎಂಬ ಮಾತು. ನಮ್ಮ ಓದುಗರಲ್ಲಿ ಮಾಂಸ ಮುಟ್ಟದವರು ಅನೇಕರಿದ್ದಾರೆ; ಅವರ ಮನಸ್ಸಿನ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಕಾ ಹಿರಿಯರಲ್ಲೂ ಕೆಲವರು ಈ ಬೇಟೆ ಬೇಡವೆಂದು ಬಹಿರಂಗವಾಗಿ ಹೇಳಿ ತಮ್ಮವರ ಸಿಟ್ಟನ್ನು ಎದುರಿಸಿದರು. ಅವರ ಧೈರ್ಯ ದೊಡ್ಡದು. ಆದರೆ ಅದು ಮನೆಯೊಳಗಿನ ಮಾತು. ಅವರು ಆಡಬೇಕು, ಅವರೇ ತೀರ್ಮಾನಿಸಬೇಕು. ಕಸಾಯಿಖಾನೆಗಳಿಂದ ಟನ್ನುಗಟ್ಟಲೆ ಮಾಂಸ ತರಿಸಿಕೊಳ್ಳುವ ಪಟ್ಟಣದವನು ವರ್ಷಕ್ಕೊಂದು ತಿಮಿಂಗಿಲಕ್ಕಾಗಿ ಕಣ್ಣೀರಿಟ್ಟರೆ ಅದನ್ನು ಅಹಿಂಸೆಯೆನ್ನಲಾಗದು. ಪಕ್ಕದವನ ತಟ್ಟೆಯಲ್ಲಿ ಇಣುಕುವ ಚಾಳಿ ನಮ್ಮ ದೇಶಕ್ಕೂ ಹೊಸದಲ್ಲ, ಅದು ಎಲ್ಲಿಗೆ ಮುಟ್ಟುತ್ತದೆಂಬುದನ್ನು ಕಂಡಿದ್ದೇವೆ.

ಹಾಗೆಂದು ಹಕ್ಕು ಎಂದ ಕೂಡಲೇ ಲೆಕ್ಕ ಕೇಳಬಾರದೆಂದು ನಾವು ಹೇಳುತ್ತಿಲ್ಲ. ಲೆಕ್ಕ ಕೇಳಲೇಬೇಕು, ಆದರೆ ಅದನ್ನು ಯಾರ ಜೊತೆ ಕುಳಿತು ಮಾಡುತ್ತೇವೆ ಎಂಬುದು ಮುಖ್ಯ. ಅಲಾಸ್ಕಾದ ಉತ್ತರ ತುದಿಯ ಇನುಪಿಯಾಟ್ ಜನರ ಅನುಭವ ಇಲ್ಲಿ ಪಾಠವಾಗಬೇಕು. ಅವರು ಹಿಡಿಯುವ ಬೋಹೆಡ್ ತಿಮಿಂಗಿಲಗಳು ಎರಡು ಸಾವಿರವೂ ಉಳಿದಿಲ್ಲವೆಂದು ತಜ್ಞರು ಅಂದಾಜು ಮಾಡಿದ್ದರಿಂದ 1977ರಲ್ಲಿ ಆಯೋಗ ಅವರ ಬೇಟೆಯನ್ನು ನಿಲ್ಲಿಸಹೊರಟಿತು. ಇಲ್ಲ, ನೀವು ಹಿಮದಂಚಿನಲ್ಲಿ ಕುಳಿತು ಕಣ್ಣಿಗೆ ಕಂಡದ್ದನ್ನಷ್ಟೇ ಎಣಿಸಿದ್ದೀರಿ, ಅವು ಹಿಮದ ಅಡಿಯಲ್ಲೂ ದೂರದಲ್ಲೂ ಸಾಗುತ್ತವೆ ಎಂದರು ಬೇಟೆಗಾರರು. ತಮ್ಮದೇ ಆಯೋಗವೊಂದನ್ನು ಕಟ್ಟಿಕೊಂಡರು, ವಿಜ್ಞಾನಿಗಳನ್ನು ಸೇರಿಸಿಕೊಂಡರು. ನೀರಿನೊಳಗೆ ಧ್ವನಿ ಹಿಡಿಯುವ ಯಂತ್ರ ಇಳಿಸಿ ಕೇಳಿದಾಗ ಬೇಟೆಗಾರರ ಮಾತೇ ನಿಜವಾಯಿತು. ಮಿತಿಯೊಳಗೆ ಬೇಟೆ ನಡೆಯುತ್ತಿದ್ದರೂ ಆ ಸಂತತಿ ಬೆಳೆಯಿತು. 2011ರ ಎಣಿಕೆಯಲ್ಲಿ ಸುಮಾರು 17,000 ಬಂತು. ಯಂತ್ರದ ಸದ್ದು ಬದಲಾದದ್ದು ಮ್ಯಾನೇಜರನಿಗಿಂತ ಮೊದಲು ಅದರ ಮುಂದೆ ನಿಂತವನಿಗೆ ಗೊತ್ತಾಗುತ್ತದೆ.

ಈಗಿನ ಸಂಕಟ ಬೂದು ತಿಮಿಂಗಿಲದ್ದು. 2016ರಲ್ಲಿ ಸುಮಾರು 27,000 ಇದ್ದ ಸಂತತಿ 2023ರ ಹೊತ್ತಿಗೆ ಸುಮಾರು 14,500ಕ್ಕೆ ಇಳಿಯಿತು. 2025ರ ಅಂದಾಜು ಇನ್ನೂ ಕಡಿಮೆ, ಸುಮಾರು 13,000. ಅರ್ಧಕ್ಕರ್ಧ! ಮಕಾ ಜನ ಆ ವರ್ಷಗಳಲ್ಲಿ ಒಂದನ್ನೂ ಹಿಡಿದಿಲ್ಲ. 2019ರಿಂದ ಮೆಕ್ಸಿಕೋದಿಂದ ಅಲಾಸ್ಕಾದವರೆಗೆ ದಡಕ್ಕೆ ಬಂದು ಬಿದ್ದ ಕಳೇಬರಗಳಲ್ಲಿ ಅನೇಕವು ಎಲುಬು ಕಾಣುವಷ್ಟು ಬಡಕಲಾಗಿದ್ದವು. ಉತ್ತರದ ಸಮುದ್ರ ಬಿಸಿಯೇರಿ, ಹಿಮ ಕರಗಿ, ತಳದ ಕೆಸರಿನಲ್ಲಿದ್ದ ಮೇವು ಕಡಿಮೆಯಾದುದೇ ಮುಖ್ಯ ಕಾರಣವೆಂದು ತಜ್ಞರು ಹೇಳುತ್ತಾರೆ. ಇದಲ್ಲದೆ ಸರಕು ಹಡಗುಗಳು ಢಿಕ್ಕಿ ಹೊಡೆಯುತ್ತವೆ, ಮೀನಿನ ಬಲೆಗಳು ಸುತ್ತಿಕೊಳ್ಳುತ್ತವೆ. ಫಿರಂಗಿ ಈಟಿ ಹೋಗಿ ಹೊಗೆ ಬಂದಿದೆ. ಹೊಗೆಯ ಎದುರಿಗೆ ರಬ್ಬರ್ ದೋಣಿ ನಿಲ್ಲಿಸುವುದು ಕಷ್ಟವೆಂಬುದು ನಿಜ. ಕಷ್ಟವೆಂದು ಮರದ ದೋಣಿಯನ್ನೇ ಹುಡುಕಿಕೊಂಡು ಹೋಗುವುದೆ?

ಮಿಲ್ಲು ಮುಳುಗಿಸಿದವರು ಮಾಲೀಕರು, ಹೊಟ್ಟೆ ಕಟ್ಟಬೇಕಾದವರು ಕಾರ್ಮಿಕರು ಎಂಬ ನ್ಯಾಯವನ್ನು ನಮ್ಮ ಊರುಗಳು ಬಲ್ಲವು. ಕಾಡಿನ ವಿಚಾರದಲ್ಲೂ ಬಲ್ಲವು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದಾಗ, ಶತಮಾನಗಳಿಂದ ಅಲ್ಲಿದ್ದ ಸೋಲಿಗರ ಬೇಸಾಯ ಬೇಟೆಗಳು ನಿಂತವು, ಹಾಡಿಗಳನ್ನು ಎಬ್ಬಿಸಿದರು. ಆ ಕಾಡಿನ ಮರಗಳನ್ನು ಅದಕ್ಕೆ ಮುಂಚೆ ಸಾಗಿಸಿದ್ದವರು ಸೋಲಿಗರಾಗಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಮೇಲೆ ಹೋರಾಡಿ 2011ರಲ್ಲಿ ಅವರ ಗ್ರಾಮಸಭೆಗಳು ಸಮುದಾಯದ ಹಕ್ಕುಪತ್ರ ಪಡೆದವು. ಹುಲಿಯೂ ಅಲ್ಲೇ ಇದೆ, ಸೋಲಿಗರೂ ಅಲ್ಲೇ ಇದ್ದಾರೆ.

ಮಕಾ ಜನರಿಗೆ ಪರವಾನಗಿ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ನೆಲ ತೆಗೆದುಕೊಂಡ ಕರಾರು ಸಿಂಧುವಾದರೆ ಅದೇ ಕಾಗದದ ನಾಲ್ಕನೆಯ ಕಲಮೂ ಸಿಂಧು. ಮಿತಿಯೂ ಇರಲಿ. ಬೇಸಗೆಯನ್ನು ವಾಷಿಂಗ್ಟನ್ ಕರಾವಳಿಯ ಆಸುಪಾಸಿನಲ್ಲೇ ಕಳೆಯುವ ಸುಮಾರು ಇನ್ನೂರು ತಿಮಿಂಗಿಲಗಳ ಸಣ್ಣ ಗುಂಪೊಂದಿದೆ. ಅದು ಕುಗ್ಗಿದರೆ ಬೇಟೆ ನಿಲ್ಲತಕ್ಕದ್ದೆಂದು 2024ರ ನಿಯಮವೇ ಹೇಳುತ್ತದೆ, ಅದು ಸರಿ. ಇಡೀ ಸಂತತಿಯ ಎಣಿಕೆ ಇಳಿಯುತ್ತಲೇ ಹೋದರೆ ಒಂದೆರಡು ವರ್ಷ ದೋಣಿ ಇಳಿಸದಿರುವುದು ವಿವೇಕವಾದೀತು. ಆ ತೀರ್ಮಾನ ನಿಯಾ ಬೇಯ ಸಭೆಯಲ್ಲಿ, ಎಣಿಕೆಯ ಪುಸ್ತಕ ಮುಂದಿಟ್ಟುಕೊಂಡು ಆಗಲಿ. 1920ರ ದಶಕದಲ್ಲಿ ಅಂಥ ತೀರ್ಮಾನ ಮಾಡಿದವರ ಮೊಮ್ಮಕ್ಕಳೇ ಅಲ್ಲಿ ಕುಳಿತಿರುತ್ತಾರೆ.